ಉಂಡಿದ್ದನ್ನು ಬರೆದು ಕಳಿಸು

ಮಾರ್ಚ್ 3, ಸೋಮವಾರ

ಅತ್ತೆಯವರಿಗೆ,

ನೀವು ಹೇಳಿದ್ದ ಸೇತುವೆ ಪಕ್ಕದ ಸೂಪಿನ ಅಂಗಡಿ ಮುಚ್ಚಿದೆ. ಹೇಳಿದವರು ಅದರ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹೊಲಿಯುವ ಮುದುಕರು. ಬಾಗಿಲಿಗೆ ಬೀಗವಿದೆ, ಬೀಗದ ಮೇಲೆ ಧೂಳಿದೆ. ಗಾಜಿನೊಳಗೆ ಇಣುಕಿದರೆ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿರುವುದು ಕಾಣುತ್ತದೆ. "ಹೋದ ಬೇಸಿಗೇಲೇ ಮುಚ್ಚಿಬಿಟ್ರಮ್ಮ. ಮಗ ಬೇರೆ ಕೆಲಸ ಹಿಡಿದ. ಸೂಪು ಬೇಕಿದ್ರೆ ಈಗ ಪಾಕೀಟಲ್ಲಿ ಸಿಗುತ್ತೆ, ಬಿಸಿನೀರು ಹುಯ್ಕೊಂಡು ಕುಡೀರಿ" ಎಂದರು. ಸೇತುವೆ ಪಕ್ಕ ಇನ್ನೊಂದು ಸೂಪಿನ ಅಂಗಡಿ ಇರಬಹುದೇನೋ ಎಂದು ಆ ಬೀದಿಯ ಕೊನೆಯವರೆಗೂ ಹೋಗಿ ಬಂದೆ. ಇಲ್ಲ.

ಬಸ್ಸು ಹೊತ್ತಿಗೆ ಸರಿಯಾಗಿ ತಲುಪಿತು. ವ್ಯಾಪಾರ ಪ್ರದರ್ಶನದಲ್ಲಿ ನಮ್ಮ ಬ್ರಷ್ ಮಳಿಗೆಗೆ ಎಂದಿನ ಮೂಲೆಯೇ ಸಿಕ್ಕಿದೆ. ಬಾಟಲಿ ಬ್ರಷ್‌ಗಳನ್ನು ಮೇಲಿನ ಸಾಲಿಗೆ, ಹಾಲಿನ ಕ್ಯಾನಿನವನ್ನು ಮಧ್ಯಕ್ಕೆ, ಸಣ್ಣ ಕೊಳವೆಯವನ್ನು ಕೈಗೆ ಎಟಕುವ ಹಾಗೆ ಮುಂದೆ ತೂಗುಹಾಕಿದ್ದೇನೆ. ನೀವು ಹೇಳುತ್ತಿದ್ದ ಪಕ್ಕದ ಮಳಿಗೆಯ ಜರಡಿಯಮ್ಮ ಈ ಸಲ ಬಂದಿಲ್ಲ. ಅವರ ಜಾಗದಲ್ಲಿ ನೆಲ ಒರೆಸುವ ಮಾಪು ಮಾರುವವರೊಬ್ಬರು ಬಂದಿದ್ದಾರೆ. ಕಚೇರಿಯವರ ಹೊಸ ನಿಯಮ ಒಂದಿದೆ: ದಿನವೂ ಸುತ್ತು ಹಾಕುತ್ತಾರೆ. ಎರಡು ಸುತ್ತಿನಲ್ಲಿ ಮಳಿಗೆ ಖಾಲಿ ಕಂಡರೆ ಬರುವ ವರ್ಷ ಆ ಜಾಗ ಬೇರೆಯವರಿಗೆ.

ಪೈಪಿನ ಆಹಾರ ಹಾಕಿಕೊಳ್ಳುವುದಿಲ್ಲ ಎಂದು ನೀವು ಹಟ ಹಿಡಿದಾಗ ಮಾಡಿಕೊಂಡ ಒಪ್ಪಂದ ನನಗೆ ನೆನಪಿದೆ. ನೀವು ಅವತ್ತು ಕೇಳಿಸದವರ ಹಾಗೆ ಗೋಡೆ ನೋಡುತ್ತಿದ್ದಿರಿ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ನಾನು ನೀವು ಪ್ರತಿ ವರ್ಷ ಇಲ್ಲಿ ಉಣ್ಣುತ್ತಿದ್ದ ಅಂಗಡಿಗಳಲ್ಲಿ ಉಂಡು, ಕುಡಿದು, ದಿನವೂ ಫ್ಯಾಕ್ಸ್ ಮಾಡಬೇಕು. ನೀವು ಓದಿಕೊಂಡು, ಹೊಟ್ಟೆಯ ಪೈಪಿನಲ್ಲಿ ಹಾಕುವ ಆಹಾರವನ್ನು ನಾಲ್ಕು ಸಲವೂ ಹಾಕಿಕೊಳ್ಳಬೇಕು. ಮುಂದಿನ ಬುಧವಾರದ ನುಂಗುವ ಪರೀಕ್ಷೆಯವರೆಗೆ ತೂಕ ಇಳಿಯಬಾರದು ಎಂದು ಗಂಟಲಿನ ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದಾರೆ. ಇಳಿದರೆ ನಿಮ್ಮ ದೇಹ ತಡೆಯುವುದಿಲ್ಲ ಎಂದೂ ಹೇಳಿದ್ದಾರೆ. ಅದನ್ನು ನಿಮ್ಮ ಮುಂದೆ ಹೇಳಲಿಲ್ಲ, ಹೊರಗೆ ನನಗೂ ನಿಮ್ಮ ಮಗನಿಗೂ ಹೇಳಿದರು.

ಇವತ್ತು ರೂಮಿನಲ್ಲಿ ಒಂದು ಬನ್ನು, ಒಂದು ಬೇಯಿಸಿದ ಮೊಟ್ಟೆ ತಿಂದೆ. ಇದು ಲೆಕ್ಕಕ್ಕಿಲ್ಲ ಎಂದು ಗೊತ್ತು. ನಾಳೆಗೆ ಎಲ್ಲಿ ಎಂದು ತಿಳಿಸಿ.

ನಿಮ್ಮ ಸೊಸೆ


ಮಾರ್ಚ್ 4, ಮಂಗಳವಾರ

ಸೊಸೆಗೆ,

ನಿನ್ನೆ ಸಂಜೆಯ ಆಹಾರ ಪೂರ್ತಿ ಹೋಗಲಿಲ್ಲ. ನಿನ್ನ ಗಂಡ ಹೇಳುವ ಮೊದಲು ನಾನೇ ಹೇಳುತ್ತಿದ್ದೇನೆ. ಅರ್ಧ ಹಾಕಿಕೊಂಡಿದ್ದೆ, ಅವನು ನಿನ್ನ ಕಾಗದ ತಂದು ಬಾಗಿಲ ಕೆಳಗೆ ತೂರಿಸಿದ. ಓದಿ ಸಿರಿಂಜನ್ನು ಹಾಗೇ ಕೆಳಗಿಟ್ಟೆ. ಮುಚ್ಚಿದ ಅಂಗಡಿಯ ಸುದ್ದಿಯಲ್ಲೇ ನನಗೆ ಹೊಟ್ಟೆ ತುಂಬಿತು.

ಆ ಸೂಪಿನವನ ಹಂಡೆಯೊಳಗೆ ತಲೆ ಹಾಕಿ, "ತಳದಲ್ಲಿ ಹೋದ ವರ್ಷದ ಸೂಪು ಇನ್ನೂ ಇದೆಯಲ್ಲಯ್ಯ" ಎಂದು ಬೈದು ಅವನಿಗೆ ನಮ್ಮ ಮೊದಲ ಹಂಡೆ ಬ್ರಷ್ ಕೊಟ್ಟವಳು ನಾನು. ಆಮೇಲೆ ಊರಿನ ಹೋಟೆಲಿನವರಿಗೆಲ್ಲ ಅವನೇ ಹೇಳಿದ. ನಾನು ಮಳಿಗೆಯಲ್ಲಿ ಕೂತು ವ್ಯಾಪಾರ ಮಾಡಿದ್ದು ಕಡಿಮೆ, ಊಟದ ಮೇಜಿನಲ್ಲಿ ಮಾಡಿದ್ದೇ ಹೆಚ್ಚು. ಇಲ್ಲಿ ಮಂಚದ ಮೇಲೆ ಸುಣ್ಣದ ನೀರಿನಂಥ ಈ ಆಹಾರವನ್ನು ಹೊಟ್ಟೆಗೆ ಹುಯ್ದುಕೊಳ್ಳುವಾಗ ಅವನ ಅಂಗಡಿಯ ಬೆಂಚನ್ನೇ ನೆನೆಯುತ್ತಿದ್ದೆ. ಮುಚ್ಚಿದ್ದನ್ನು ನೀನು ನೋಡಿ ಬರೆದೆ, ತಪ್ಪಿಲ್ಲ. ಆದರೆ ನನಗೆ ಅದನ್ನು ಓದಿ ಏನೂ ಆಗಲಿಲ್ಲ ಎನ್ನಲಾರೆ.

ಪ್ರದರ್ಶನದ ಮೂರನೇ ಹಾಲ್‌ನ ಹಿಂದಿನ ಬೀದಿಗೆ ಹೋಗು. ಮೆಟ್ಟಿಲಿಳಿದು ಹೋಗುವ ಒಂದು ಹೋಟೆಲಿದೆ. ಅಕ್ಕ ಒಲೆ ನೋಡಿಕೊಳ್ಳುತ್ತಾಳೆ, ತಂಗಿ ಗಲ್ಲಾ. ಇಬ್ಬರಿಗೂ ಮಾತಿಲ್ಲ. ಅಕ್ಕನಿಗೆ ಏನಾದರೂ ಬೇಕಿದ್ದರೆ ಗಿರಾಕಿಗಳ ಕೈಲಿ ತಂಗಿಗೆ ಹೇಳಿಕಳಿಸುತ್ತಾಳೆ. ನಿನ್ನ ಕೈಲೂ ಹೇಳಿಸುತ್ತಾಳೆ, ಮುಖ ಗಂಟು ಹಾಕಬೇಡ. ಕಾಳಿನ ಪಲ್ಯ ತಗೊ, ರೊಟ್ಟಿಯಲ್ಲಿ ಕರಿಕಾದ ಕಡೆಯನ್ನು ಕೇಳಿ ತಗೊ, ಹಾಲಿಲ್ಲದ ಚಹ ತಗೊ. ಪಾತ್ರೆ ತೊಳೆಯುವ ತೊಟ್ಟಿ ಕಾಣುವ ಕಡೆ ಕೂರು. ನಮ್ಮ ಕಸುಬಿನವರಿಗೆ ಬೀದಿ ಕಾಣುವ ಕಿಟಕಿ ಬೇಕಿಲ್ಲ.

ಮಾಪಿನವನನ್ನು ನಂಬಬೇಡ. ಪಕ್ಕದವನು ನಗುನಗುತ್ತಾ ಮಾತಾಡಿದರೆ ನಮ್ಮ ಮೂಲೆಯ ಮೇಲೆ ಕಣ್ಣು ಹಾಕಿದ್ದಾನೆ ಎಂದೇ ಅರ್ಥ. ಅವನ ಕೈಗೆ ಮಳಿಗೆ ಕೊಟ್ಟು ಏಳಬೇಡ. ಊಟವನ್ನು ಮಾತ್ರ ಬಿಡಬೇಡ.

ಅತ್ತೆ


ಮಾರ್ಚ್ 5, ಬುಧವಾರ

ಅತ್ತೆಯವರಿಗೆ,

ನಿನ್ನೆ ಮಧ್ಯಾಹ್ನ ಅಕ್ಕತಂಗಿಯರ ಹೋಟೆಲಿನಲ್ಲಿ ಊಟ ಮಾಡಿದೆ. ಇದಕ್ಕೆ ಸಾಕ್ಷಿ ನಾನೇ.

ಮೆಟ್ಟಿಲಿಳಿಯುವಾಗಲೇ ರೊಟ್ಟಿ ಸುಡುವ ವಾಸನೆ ಬಂತು. ತೊಟ್ಟಿ ಕಾಣುವ ಕಡೆ ಜಾಗ ಸಿಕ್ಕಿತು. ಕಾಳಿನ ಪಲ್ಯ ಬಿಸಿಯಾಗಿತ್ತು, ಕಾಳು ಒಡೆದು ರಸ ಗಟ್ಟಿಯಾಗಿತ್ತು. ಕರಿಕಾದ ಕಡೆಯ ರೊಟ್ಟಿ ಕೇಳಿದ್ದಕ್ಕೆ ಅಕ್ಕ ತಿರುಗಿ ನೋಡಿ, ಕೇಳದೆಯೇ ಇನ್ನೊಂದು ಚೂರು ಹಾಕಿದರು. ರಸದಲ್ಲಿ ಅದ್ದಿದರೆ ಸುಟ್ಟ ಕಹಿ ಮೊದಲು, ಹುಳಿ ಆಮೇಲೆ, ಕೊನೆಗೆ ಸಣ್ಣಗೆ ಖಾರ. ನಿಧಾನಕ್ಕೆ ತಿಂದೆ. ಕೊನೆಗೆ ಚಹ. "ಉಪ್ಪಿನ ಡಬ್ಬಿ ಖಾಲಿ ಅಂತ ಹೇಳು ಅವಳಿಗೆ" ಎಂದು ಅಕ್ಕ ನನ್ನ ಕೈಲಿ ಹೇಳಿಸಿದರು. ತಂಗಿಗೆ ಹೇಳಿದೆ. "ಕೇಳಿಸ್ತು ಅಂತ ಹೇಳು" ಎಂದರು.

ಮಳಿಗೆಯ ಸುದ್ದಿ: ಜನ ಬರುತ್ತಿದ್ದಾರೆ, ಬ್ರಷ್ಷಿನ ರೋಮ ಸವರಿ ನೋಡುತ್ತಾರೆ, ಹೋಗುತ್ತಾರೆ. ಹಾಲಿನ ಡೈರಿಯೊಂದರಿಂದ ಬಂದ ಹೆಂಗಸು ಮಾತ್ರ ಅರ್ಧ ಗಂಟೆ ನಿಂತು ಮಾತಾಡಿದರು. ಮಾಪಿನವರು ನಗುನಗುತ್ತಲೇ ಮಾತಾಡುತ್ತಾರೆ, ನೀವು ಹೇಳಿದ ಹಾಗೆ. "ಏನಮ್ಮ, ನಿಮ್ಮ ಬ್ರಷ್ಷಿಗೂ ನನ್ನ ಮಾಪಿಗೂ ಒಂದೇ ಹಣೆಬರಹ, ಊರಲ್ಲಿ ಕೊಳೆ ಇದ್ರೆ ನಮಗೆ ಅನ್ನ" ಎಂದರು. ಸಂಜೆ ಬಿಸ್ಕತ್ತಿನ ಪೊಟ್ಟಣ ಚಾಚಿ, "ತಗೊಳ್ಳಿ. ಬೆಳಿಗ್ಗೆಯಿಂದ ನೋಡ್ತಿದೀನಿ, ಕುರ್ಚಿಗೆ ಬೇರು ಬಂದುಬಿಡ್ತಾ?" ಎಂದರು. ನಾನು ಜಾಸ್ತಿ ಮಾತು ಬೆಳೆಸಲಿಲ್ಲ.

ನಿನ್ನೆ ಎಲ್ಲಾ ಹಾಕಿಕೊಂಡಿರಿ ಎಂದು ನಿಮ್ಮ ಮಗ ಫೋನಿನಲ್ಲಿ ಹೇಳಿದರು. ಹೀಗೇ ಇರಲಿ. ಪ್ರತಿ ಸಲವೂ ಪೈಪಿಗೆ ಬೆಚ್ಚನೆಯ ನೀರು ಬಿಡುವುದನ್ನು ಮರೆಯಬೇಡಿ.

ನಿಮ್ಮ ಸೊಸೆ


ಮಾರ್ಚ್ 6, ಗುರುವಾರ

ಸೊಸೆಗೆ,

ನಿನ್ನೆಯೂ ನಾಲ್ಕು ಸಲ ಆಯಿತು. ನಿನ್ನ ಗಂಡನನ್ನು ಕೇಳು, ಖಾಲಿ ಪಾತ್ರೆಗಳನ್ನು ಅವನೇ ನೋಡಿದ್ದಾನೆ.

ನಿನ್ನ ಕಾಗದವನ್ನು ಮೂರು ನಾಲ್ಕು ಸಲ ಓದಿದೆ. ಆ ಅಕ್ಕ ಕೇಳದೆ ಚೂರು ಹಾಕಿದಳೆಂದರೆ ನಿನ್ನ ಮೇಲೆ ಕರುಣೆ ಬಂದಿರಬೇಕು. ನನಗೆ ಯಾವತ್ತೂ ಹಾಕಿದವಳಲ್ಲ. ನೀನು ಸೊರಗಿದ್ದೀಯ ಎಂದು ಕಾಣುತ್ತದೆ. ಚೆನ್ನಾಗಿ ಉಣ್ಣು.

ಒಂದು ಮಾತ್ರ ಬರೆಯಲಿಲ್ಲ. ಚಹದ ಗಾಜಿನ ಲೋಟ ಹೇಗಿತ್ತು? ಬ್ರಷ್ ಮಾಡುವ ಮನೆಗೆ ಬಂದು ಇಷ್ಟು ವರ್ಷವಾಯಿತು. ಲೋಟವನ್ನು ಬೆಳಕಿಗೆ ಹಿಡಿಯದೆ ಚಹ ಕುಡಿದೆ ಎಂದರೆ ನಾನು ನಂಬುವುದಿಲ್ಲ. ಇವತ್ತು ಹೋದಾಗ ಹಿಡಿದು ನೋಡು, ತಳ ಹೇಗಿದೆ ಎಂದು ಬರೆ. ಅದನ್ನು ಓದುವುದಕ್ಕೆ ಕಾಯುತ್ತಿರುತ್ತೇನೆ.

ಪೆನ್ನು ಸರಿಯಾಗಿ ಬರೆಯುತ್ತಿಲ್ಲ. ಅದಕ್ಕೇ ಅಕ್ಷರ ಹೀಗಿದೆ. ಬೇರೆ ಏನೂ ಇಲ್ಲ.

ಅತ್ತೆ


ಮಾರ್ಚ್ 6, ಗುರುವಾರ ಸಂಜೆ

ಅತ್ತೆಯವರಿಗೆ,

ಲೋಟ ಕನ್ನಡಿಯ ಹಾಗಿತ್ತು. ಇವತ್ತು ಮಧ್ಯಾಹ್ನ ಬೆಳಕಿಗೆ ಹಿಡಿದು ನಾನೇ ನೋಡಿದೆ.

ತಳದಲ್ಲಿ ಒಂದು ಕಲೆ ಇಲ್ಲ, ಅಂಚಿನಲ್ಲಿ ಬಿಳಿ ಪದರವಿಲ್ಲ. ಚಹ ಹುಯ್ದರೆ ಆಚೆ ಕೂತವರ ಬೆರಳು ಕಾಣುತ್ತಿತ್ತು. ಅಕ್ಕತಂಗಿಯರು ನಮ್ಮ ಬಾಟಲಿ ಬ್ರಷ್ಷನ್ನೇ ಬಳಸುತ್ತಾರಂತೆ, ತೊಟ್ಟಿಯ ಮೇಲೆ ಮೊಳೆಗೆ ನೇತುಹಾಕಿದ್ದರು. ನಿಮ್ಮ ಬಗ್ಗೆ ಹೇಳಬೇಕೆನಿಸಿತು, ಆದರೆ ಗಿರಾಕಿಗಳ ಗದ್ದಲವಿತ್ತು. ಇವತ್ತು ಕಾಳಿನ ಜೊತೆ ಬೇಯಿಸಿದ ಆಲೂಗೆಡ್ಡೆಯೂ ಇತ್ತು, ಮೇಲೆ ಬೆಣ್ಣೆ. ಸಿಪ್ಪೆ ಸಮೇತ ತಿಂದೆ.

ಹೊಸ ಪೆನ್ನು ತರಿಸಿಕೊಳ್ಳಿ. ಅಕ್ಷರ ಅಲುಗಾಡಿರುವುದು ನೋಡಿ ಮೊದಲು ಹೆದರಿಕೆಯಾಯಿತು, ಪೆನ್ನಿನ ಮಾತು ಓದಿದ ಮೇಲೆ ಸಮಾಧಾನವಾಯಿತು. ನಾಲ್ಕು ಸಲವೂ ಹೋಗುತ್ತಿದೆಯಲ್ಲ, ಅಷ್ಟು ಸಾಕು. ಬುಧವಾರ ಡಾಕ್ಟರು ಒಂದು ಚಮಚ ನೀರು ಕೊಡುತ್ತಾರೆ, ನೀವು ನುಂಗುತ್ತೀರಿ. ಆಮೇಲೆ ಮುಂದಿನ ವರ್ಷ ನೀವೇ ಬಂದು ಆ ಬೆಂಚಿನಲ್ಲಿ ಕೂರಿ, ನಾನು ಮೂಲೆ ಕಾಯುತ್ತೇನೆ.

ನಿಮ್ಮ ಸೊಸೆ


ಮಾರ್ಚ್ 7, ಶುಕ್ರವಾರ

ಸೊಸೆಗೆ,

ನನ್ನ ಹೊಟ್ಟೆಗೆ ಮಂಗಳವಾರದಿಂದ ಆಹಾರ ಹೋಗಿಲ್ಲ. ಇದು ಗೊತ್ತಿರುವುದು ನನಗೊಬ್ಬಳಿಗೇ.

ಅಕ್ಕತಂಗಿಯರ ಹೋಟೆಲಿನ ಲೋಟ ಯಾವತ್ತೂ ಮಬ್ಬು. ಪ್ರತಿ ವರ್ಷ ಅವರಿಗೆ ಒಂದು ಬ್ರಷ್ ಕೊಟ್ಟು ಬರುತ್ತಿದ್ದೆ. ಮುಂದಿನ ವರ್ಷ ಹೋದರೆ ಅದರಲ್ಲಿ ಕಿಟಕಿಯ ಸರಳು ಉಜ್ಜುತ್ತಿರುತ್ತಿದ್ದರು. ಲೋಟ ತೊಳೆಯುವುದು ಯಾರು ಎಂಬುದರ ಮೇಲೇ ಅವರಿಬ್ಬರಿಗೂ ಮಾತು ಬಿಟ್ಟದ್ದು. ಮಬ್ಬು ಲೋಟದಲ್ಲಿ ನಾನು ಚಹ ಕುಡಿದದ್ದು ಅದೊಂದೇ ಅಂಗಡಿಯಲ್ಲಿ, ಅವರ ರೊಟ್ಟಿಯ ಆಸೆಗೆ. ಇದನ್ನು ನೀನೂ ನೋಡಿ ನಕ್ಕು ಬರೆಯುತ್ತೀಯ ಎಂದು ಕೇಳಿದೆ. ನಿನ್ನನ್ನು ಸಿಕ್ಕಿಸಿಹಾಕುವುದಕ್ಕೆ ಕೇಳಲಿಲ್ಲ. ನೀನು ಕನ್ನಡಿ ಎಂದೆ. ಕುರ್ಚಿಗೆ ಬೇರು ಬಂತಾ ಎಂದು ಮಾಪಿನವನು ಕೇಳಿದ್ದನ್ನೂ ನೀನೇ ಬರೆದಿದ್ದೆ, ಆಗ ನನ್ನ ಮಂಡೆಗೆ ಹೋಗಲಿಲ್ಲ. ನೀನು ಎಲ್ಲೂ ಹೋಗಿಲ್ಲ, ಏನೂ ಉಂಡಿಲ್ಲ. ಮೂಲೆ ಬಿಟ್ಟು ಏಳಬೇಡ ಎಂದವಳೂ ನಾನೇ, ಹೋಗಿ ಉಣ್ಣು ಎಂದವಳೂ ನಾನೇ.

ಇನ್ನು ನನ್ನದು ಕೇಳು. ಸೋಮವಾರ ಅರ್ಧಕ್ಕೆ ಬಿಟ್ಟೆನಲ್ಲ, ಪೈಪಿಗೆ ನೀರು ಬಿಡಲಿಲ್ಲ. ಸುಣ್ಣದ ನೀರು ಒಳಗೇ ಹೆಪ್ಪುಗಟ್ಟಿತು. ಮಂಗಳವಾರ ಸಿರಿಂಜ್ ಒತ್ತಿದರೆ ಹನಿ ಹನಿಯಾಗಿ ನೀರು ಮಾತ್ರ ಇಳಿಯುತ್ತಿತ್ತು. ಕಟ್ಟಿಕೊಂಡ ಕೊಳವೆಗೆ ನಾವು ಏನು ಮಾಡುತ್ತೇವೆ? ಬುಧವಾರ ಬೆಳಿಗ್ಗೆ ವರ್ಕ್‌ಶಾಪಿನ ಕಪಾಟಿನಿಂದ ನಮ್ಮ ಅತಿ ಸಣ್ಣ ಬ್ರಷ್ ತಂದು, ಕುದಿಸಿ, ಪೈಪಿನೊಳಗೆ ಬಿಟ್ಟೆ. ಇಷ್ಟು ವರ್ಷ ಜನರಿಗೆ ಮಾಡಿ ತೋರಿಸಿದ ಕೈ. ತಿರುಗಿಸುತ್ತಾ ಬಿಟ್ಟೆ, ತಿರುಗಿಸುತ್ತಾ ಎಳೆದೆ. ತಂತಿ ಬಂತು, ತಲೆ ಬರಲಿಲ್ಲ. ಮುರಿದು ಒಳಗೇ ಕೂತಿದೆ. ಆಮೇಲೆ ಹನಿ ನೀರೂ ಇಳಿಯುತ್ತಿಲ್ಲ. ಪೈಪಿನ ಸುತ್ತ ಹೊಟ್ಟೆ ಕೆಂಪಾಗಿ ಬಿಸಿಯಾಗಿದೆ. ಆಹಾರವನ್ನು ಬಚ್ಚಲಿಗೆ ಚೆಲ್ಲಿ ಖಾಲಿ ಪಾತ್ರೆ ಹೊರಗಿಡುತ್ತಿದ್ದೇನೆ. ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ಮಲಗಿರುತ್ತೇನೆ. ಪೆನ್ನು ಸರಿಯಾಗಿಯೇ ಇದೆ.

ನಿನ್ನ ಗಂಡನಿಗೆ ಹೇಳಬೇಡ. ಆ ಬ್ರಷ್ಷಿನ ತಂತಿ ತಿರುಚಿದವನು ಅವನು. ನಾನು ಹೋದರೆ, ನನ್ನ ಕೈಯಿಂದಲೇ ಅಮ್ಮ ಹೋದಳು ಎಂದು ಅವನು ಬದುಕಿರುವಷ್ಟು ದಿನ ತಂತಿ ಮುಟ್ಟುವುದಿಲ್ಲ. ಎಂಟು ಜನ ಆ ಕೆಲಸದಲ್ಲಿ ಉಣ್ಣುತ್ತಿದ್ದೀರಿ. ನಿನ್ನ ಪ್ರದರ್ಶನ ಮುಗಿಯಲಿ. ನೀನು ಬಂದ ಮೇಲೆ ಏನಾದರೂ ಮಾಡೋಣ. ಈ ಕಾಗದವನ್ನು ನಾನೇ ಗೋಡೆ ಹಿಡಿದುಕೊಂಡು ಹೋಗಿ ಫ್ಯಾಕ್ಸ್ ಯಂತ್ರಕ್ಕೆ ಹಾಕುತ್ತಿದ್ದೇನೆ, ಅವನು ಹಿಂದೆ ವರ್ಕ್‌ಶಾಪಿನಲ್ಲಿ ಬ್ರಷ್ಷಿನ ರೋಮ ಕತ್ತರಿಸುತ್ತಿದ್ದಾನೆ. ಹರಿದು ಹಾಕು.

ಅತ್ತೆ


ಮಾರ್ಚ್ 7, ಶುಕ್ರವಾರ ಮಧ್ಯಾಹ್ನ

ಅತ್ತೆಯವರಿಗೆ,

ನಿಮ್ಮ ಮಗನಿಗೆ ಹೇಳಿದ್ದೇನೆ. ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಅವರು ಅಲ್ಲಿಂದ ಫೋನ್ ಮಾಡಿದರಂತೆ. ಕಚೇರಿಯ ಗುಮಾಸ್ತೆ ಚೀಟಿಯಲ್ಲಿ ಬರೆದುಕೊಂಡು ತಂದುಕೊಟ್ಟಳು. ಚೀಟಿಯಲ್ಲಿ ಇಷ್ಟೇ ಇತ್ತು: "ಸೇರಿಸಿದ್ದೀವಿ. ಒಳಗೆ ಕರಕೊಂಡು ಹೋದ್ರು." ಒಳಗೆ ಎಂದರೆ ಎಲ್ಲಿಗೆ, ಆಮೇಲೆ ಏನಾಯಿತು, ಒಂದೂ ಇಲ್ಲ. ಈ ಕಾಗದ ಮನೆಯ ಯಂತ್ರಕ್ಕೆ ಹೋಗುತ್ತದೆ, ಅಲ್ಲಿ ಓದುವವರಿಲ್ಲ. ಆದರೂ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಇಲ್ಲಿನ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಬಂತು. ಓದಿ ಅಲ್ಲಿಂದಲೇ ಫೋನ್ ಮಾಡಿದೆ. ನೀವು ಬೇಡ ಎಂದಿದ್ದಿರಿ, ಮೀರಿದೆ. ಬೈಯುವುದಿದ್ದರೆ ಬೈಯಿರಿ, ಬೈಯುವುದಕ್ಕಾದರೂ ಇರಿ. ನಾನು ಹೇಳಿದ್ದಕ್ಕೆ ಅವರು, "ಯಾವ ಬ್ರಷ್? ಎಲ್ಲಿಗೆ ಹಾಕಿದ್ಲು?" ಎಂದರು. ಮತ್ತೆ ಹೇಳಿದೆ. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಕತ್ತರಿಸುವ ಯಂತ್ರ ಓಡುತ್ತಿದ್ದುದು ನಿಂತಿತು. "ಅಮ್ಮಾ, ಚಿಲಕ ತೆಗಿ. ತೆಗಿಯಮ್ಮ, ನಾನೇನೂ ಅನ್ನಲ್ಲ" ಎಂದು ಅವರು ಬಾಗಿಲು ಬಡಿಯುವುದು ಕೇಳುತ್ತಿತ್ತು. ಬಡಿಯುತ್ತಲೇ ಇದ್ದರು. ಆಮೇಲೆ ಮರ ಸೀಳಿದ ಸದ್ದು. ಆಮೇಲೆ ಏನೂ ಇಲ್ಲ. ಗುಮಾಸ್ತೆ ನನ್ನ ಕೈಯಿಂದ ಫೋನ್ ಬಿಡಿಸಿಕೊಂಡಳು, ಬೇರೆಯವರು ಕಾಯುತ್ತಿದ್ದರು.

ಬಸ್‌ ನಿಲ್ದಾಣಕ್ಕೆ ಓಡಿದೆ. ಇವತ್ತು ಬೆಳಿಗ್ಗೆಯಿಂದ ಬಸ್ಸುಗಳಿಲ್ಲ. ಚಾಲಕರ ಮುಷ್ಕರ, ಭಾನುವಾರ ಸಂಜೆಯವರೆಗೆ ಎಂದು ಪೇಪರಿನಲ್ಲಿದೆ. ಬಾಡಿಗೆ ಕಾರಿನವರು ಅಷ್ಟು ದೂರ ಒಬ್ಬರೂ ಒಪ್ಪಲಿಲ್ಲ. ರಸ್ತೆಯಲ್ಲಿ ಓಡುವ ಗಾಡಿಗಳ ಮೇಲೆ ಕಲ್ಲು ಬೀಳುತ್ತಿದೆಯಂತೆ.

ಮಳಿಗೆಯನ್ನು ಮಾಪಿನವರಿಗೇ ಬಿಟ್ಟು ಹೋಗಿದ್ದೆ. ಮೂಲೆ ಹೋದರೆ ಹೋಗಲಿ ಎಂದೇ ಹೋದೆ. ವಾಪಸು ಬಂದಾಗ ಅವರು ನಮ್ಮ ಹಂಡೆ ಬ್ರಷ್ ಹಿಡಿದುಕೊಂಡು ಒಬ್ಬ ಗಿರಾಕಿಗೆ, "ಇದು ಹಂಡೆಗೂ ಆಗುತ್ತೆ, ಬೆನ್ನು ತುರಿಸಿಕೊಳ್ಳೋಕೂ ಆಗುತ್ತೆ" ಎನ್ನುತ್ತಿದ್ದರು. ಸುತ್ತಿನವರು ಬಂದಾಗ, "ಅಮ್ಮಾವ್ರು ಈಗ ತಾನೇ ಎದ್ದರು" ಎಂದು ಎರಡು ಸಲವೂ ಹೇಳಿದರಂತೆ. ನಾನು ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಅವರು ಎರಡು ಮಾಪುಗಳನ್ನು ತಂದು ನನ್ನ ಮುಂದೆ ಪರದೆಯ ಹಾಗೆ ನಿಲ್ಲಿಸಿ ಹೋದರು.

ನೀವು ಹೇಳಿದ್ದು ನಿಜ. ಅಕ್ಕತಂಗಿಯರ ಮೆಟ್ಟಿಲು ಎಲ್ಲಿದೆ ಎಂದೇ ನನಗೆ ಗೊತ್ತಿಲ್ಲ. ಮಂಗಳವಾರದಿಂದ ಬಿಸ್ಕತ್ತು, ನಲ್ಲಿ ನೀರು. ಸೂಪಿನ ಅಂಗಡಿ ಮುಚ್ಚಿದೆ ಎಂದು ನಿಜ ಬರೆದದ್ದಕ್ಕೆ ನೀವು ಊಟ ಬಿಟ್ಟಿರಿ. ಇನ್ನೊಂದು ನಿಜ ಬರೆಯುವ ಧೈರ್ಯ ನನಗಿರಲಿಲ್ಲ. ಬುಧವಾರ ಒಂದು ಸುಳ್ಳು ಬರೆದು ಓದಿ ನೋಡಿದೆ. ಊಟ ಅಷ್ಟು ಚೆನ್ನಾಗಿತ್ತು, ನನಗೇ ಬಾಯಲ್ಲಿ ನೀರು ಬಂತು. ನೀವು ನಾಲ್ಕು ಸಲ ಹಾಕಿಕೊಂಡಿರಿ ಎಂದು ಕೇಳಿದ ಮೇಲೆ, ಇದೇ ಔಷಧಿ ಎಂದುಕೊಂಡು ಇನ್ನಷ್ಟು ಬರೆದೆ. ನಿಮಗೆ ಬಾಯಿ ಒಣಗುತ್ತಿದ್ದಾಗ ಬೆಣ್ಣೆ ಹಾಕಿದ ಆಲೂಗೆಡ್ಡೆ ಎಂದು ಬರೆದೆನಲ್ಲ.

ಏನಾದರೂ ತಿಳಿಸಿ. ಯಾರ ಕೈಲಾದರೂ ತಿಳಿಸಿ.

ನಿಮ್ಮ ಸೊಸೆ


ಮಾರ್ಚ್ 8, ಶನಿವಾರ

ಅತ್ತೆಯವರಿಗೆ,

ಸುದ್ದಿ ಇಲ್ಲ. ಬೆಳಿಗ್ಗೆಯಿಂದ ಕಚೇರಿಗೆ ಹೋಗಿ ಹೋಗಿ ಕೇಳಿದೆ. ಗುಮಾಸ್ತೆ ಈಗ ನನ್ನನ್ನು ನೋಡಿದ ಕೂಡಲೇ ತಲೆ ಅಲ್ಲಾಡಿಸುತ್ತಾಳೆ. ಆಸ್ಪತ್ರೆಗೆ ಫೋನ್ ಮಾಡಿದರೆ, "ಪೇಷಂಟಿನ ವಿಷಯ ಫೋನಲ್ಲಿ ಹೇಳಲ್ಲ ಕಣ್ರೀ" ಎಂದು ಇಟ್ಟುಬಿಡುತ್ತಾರೆ. ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಇವತ್ತು ನಾನು ಊಟ ಮಾಡಿದೆ. ನಿಜವಾಗಿಯೂ ಮಾಡಿದೆ. ಬೇಕಿದ್ದರೆ ಮಾಪಿನವರನ್ನು ಕೇಳಿ, ಅವರು ಎದುರಿಗೇ ಇದ್ದರು.

ಪ್ರದರ್ಶನದ ಹಾಲ್‌ಗಳ ಹಿಂದೆ, ಲಾರಿಗಳು ಸಾಮಾನು ಇಳಿಸುವ ಕಟ್ಟೆಯ ಪಕ್ಕ, ಹಮಾಲಿಗಳ ಒಂದು ಕ್ಯಾಂಟೀನಿದೆ. ತಗಡಿನ ಮಾಡು, ಉದ್ದದ ಬೆಂಚು. ಮಾಪಿನವರು, "ನೀವು ಬಿದ್ದರೆ ಒರೆಸೋಕೆ ಮಾಪಿದೆ, ಎತ್ತೋಕೆ ನನ್ನ ಸೊಂಟ ಸರಿಯಿಲ್ಲ, ಏಳಿ" ಎಂದು ಕರೆದುಕೊಂಡು ಹೋದರು. ನಮ್ಮಿಬ್ಬರ ಮಳಿಗೆಯೂ ಖಾಲಿ. ಸುತ್ತಿನವರು ಬಂದರೋ ಇಲ್ಲವೋ ನಾನು ವಿಚಾರಿಸಿಲ್ಲ.

ಅನ್ನ ಮುದ್ದೆಯಾಗಿತ್ತು, ತಣ್ಣಗಿತ್ತು. ಬೇಳೆಯಲ್ಲಿ ಉಪ್ಪಿಲ್ಲ, ನೀರೇ ಜಾಸ್ತಿ. ಎಲೆಕೋಸಿನ ದಂಟು ಬೆಂದಿರಲಿಲ್ಲ, ಹಲ್ಲಿಗೆ ಸಿಕ್ಕಿಕೊಂಡಿತು. ಪಕ್ಕದಲ್ಲಿ ಕೂತ ಹಮಾಲಿ, "ಉಪ್ಪು ಕೇಳಬೇಡಿ, ಕೇಳಿದವರಿಗೆ ಅವನು ಇನ್ನೊಂದು ಸೌಟು ಬೇಳೇನೇ ಹಾಕ್ತಾನೆ" ಎಂದ. ಲೋಟವನ್ನು ಬೆಳಕಿಗೆ ಹಿಡಿದೆ. ಬೆಳಕು ಕಾಣಲಿಲ್ಲ. ತಳದಲ್ಲಿ ಕಂದು ಬಣ್ಣದ ಪದರ, ಅಂಚಿನಲ್ಲಿ ಯಾರದೋ ತುಟಿಯ ಗುರುತು. ನೀವಿದ್ದಿದ್ದರೆ ಅದನ್ನು ನೆಲಕ್ಕೆ ಕುಕ್ಕಿ ಎದ್ದು ಬರುತ್ತಿದ್ದಿರಿ. ನಾನು ಕುಡಿದೆ. ತಟ್ಟೆಯಲ್ಲಿ ಏನೂ ಬಿಡಲಿಲ್ಲ. ನೀವೆಲ್ಲಿದ್ದೀರೋ, ಹೇಗಿದ್ದೀರೋ, ಒಪ್ಪಂದ ಒಪ್ಪಂದವೇ ಎಂದುಕೊಂಡು ನುಂಗಿದೆ.

ನಾನು ಉಂಡಿದ್ದೇನೆ. ಬರೆದಿದ್ದೇನೆ. ಇನ್ನು ನೀವು ಹಾಕಿಸಿಕೊಳ್ಳಬೇಕು.

ಮಾಪಿನವರ ವ್ಯಾನು ನಾಳೆ ಸಾಮಾನು ತುಂಬಿದ ಮೇಲೆ ನಮ್ಮ ಕಡೆಗೇ ಹೊರಡುತ್ತದಂತೆ, ಕಲ್ಲು ಬಿದ್ದರೂ ಹೊರಡುತ್ತದಂತೆ. "ಗಾಜು ಒಡೆದರೆ ಒಡೀಲಿ, ಹಳೇದು" ಎಂದಿದ್ದಾರೆ. ಅದರಲ್ಲಿ ಬರುತ್ತೇನೆ.

ನಿಮ್ಮ ಸೊಸೆ


ಮಾರ್ಚ್ 9, ಭಾನುವಾರ

ಸೊಸೆಗೆ,

ಹೊಸ ಪೈಪು ಹಾಕಿದ್ದಾರೆ. ಹೇಳಿದವಳು ನರ್ಸು. ಹಾಕುವಾಗ ನನಗೆ ಎಚ್ಚರವಿರಲಿಲ್ಲ, ನಿನ್ನೆ ಸಂಜೆ ಬಂತು. ನಿನ್ನ ಗಂಡ ಎರಡು ದಿನ ನನ್ನ ಬಾಗಿಲ ಹೊರಗೆ ಕುರ್ಚಿಯಲ್ಲೇ ಕೂತಿದ್ದನಂತೆ, ನಿನಗೆ ಮತ್ತೆ ಫೋನ್ ಮಾಡಲು ಏಳಲಿಲ್ಲವಂತೆ. ಏನೆಂದು ಹೇಳಲಿ ಅಂತ ಗೊತ್ತಾಗಲಿಲ್ಲ ಎನ್ನುತ್ತಾನೆ. ಇವತ್ತು ಬೆಳಿಗ್ಗೆ ಮನೆಗೆ ಹೋಗಿ ನಿನ್ನ ಕಾಗದಗಳನ್ನು ತಂದುಕೊಟ್ಟ. ಇದನ್ನು ಆಸ್ಪತ್ರೆ ಎದುರಿನ ಅಂಗಡಿಯ ಯಂತ್ರದಿಂದ ಕಳಿಸುತ್ತಾನೆ. ನೀನು ವ್ಯಾನು ಹತ್ತುವ ಮೊದಲು ಸಿಗಬೇಕು ಎಂದು ಬೇಗ ಬೇಗ ಬರೆಯುತ್ತಿದ್ದೇನೆ.

ತೂಕ ಬಹಳ ಇಳಿದಿದೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಎಷ್ಟು ಎಂದು ಈಗಲೇ ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಬುಧವಾರದ ಪರೀಕ್ಷೆ ಇಲ್ಲ. ಬೇರೆ ದಿನಾಂಕ ಕೊಟ್ಟಿಲ್ಲ. ಮುಂದೆ ಮಾಡಿದರೂ ನುಂಗುವ ಭರವಸೆ ಕಡಿಮೆ ಎಂದರು. ಈ ಸಲ ನನ್ನ ಮುಂದೆಯೇ ಹೇಳಿದರು. ಗೋಡೆ ನೋಡಲಿಲ್ಲ, ಅವರನ್ನೇ ನೋಡಿ ಕೇಳಿಸಿಕೊಂಡೆ.

ಒಳಗಿಂದ ತೆಗೆದ ಬ್ರಷ್ಷಿನ ತಲೆಯನ್ನು ಒಂದು ಬಟ್ಟಲಲ್ಲಿ ತಂದು ಡಾಕ್ಟರು, "ಇದು ಯಾರ ಕೆಲಸ?" ಎಂದು ಗದರಿದರಂತೆ. ನಿನ್ನ ಗಂಡ ಬಗ್ಗಿ ನೋಡಿ, "ನಂದೇ ಸಾರ್. ತಂತೀನ ಇನ್ನೊಂದು ಸುತ್ತು ತಿರುಚಬೇಕಿತ್ತು" ಎಂದನಂತೆ. ನರ್ಸು ಇದನ್ನು ಹೇಳಿ ನಕ್ಕಳು. ಗಂಟಲು ಕೊಯ್ದಾಗಿನಿಂದ ನನಗೆ ದನಿ ಇಲ್ಲ, ಹೊಟ್ಟೆಯಲ್ಲಿ ಹೊಲಿಗೆ ಬೇರೆ, ನಗಲಿಲ್ಲ. ಅವನು ತಂತಿ ಮುಟ್ಟುವುದಿಲ್ಲ ಎಂದು ನಾನು ಹೆದರಿದ್ದೆ. ಇಲ್ಲಿ ಮಂಚದ ಪಕ್ಕ ಕೂತು, ಎಲ್ಲಿ ಸವೆದಿತ್ತು, ಯಾಕೆ ಮುರಿಯಿತು ಎಂದು ನನಗೇ ಪಾಠ ಹೇಳುತ್ತಿದ್ದಾನೆ. ಕಣ್ಣು ಮಾತ್ರ ಕೆಂಪಗಿದೆ.

ನಿನ್ನ ಶನಿವಾರದ ಕಾಗದ ಓದಿದೆ. ಉಪ್ಪಿಲ್ಲದ ಬೇಳೆ, ಬೇಯದ ದಂಟು, ಆ ಲೋಟ. ಓದುತ್ತಾ ಓದುತ್ತಾ ನನಗೆ ಹಸಿವಾಯಿತು. ಗಂಟಲಿನ ಆಪರೇಷನ್ ಆದ ಮೇಲೆ ಹಸಿವು ಎಂಬುದು ಇದೇ ಮೊದಲು. ನೀನು ಸುಳ್ಳು ಬರೆದ ಬೆಣ್ಣೆ ಆಲೂಗೆಡ್ಡೆ ಓದಿದಾಗ ಆಗಿರಲಿಲ್ಲ. ಅದನ್ನು ಓದಿ ನನ್ನ ಹಳೆಯ ದಿನಗಳು ನೆನಪಾಗಿ ಸಾಯಬೇಕು ಅನ್ನಿಸಿತ್ತು. ಇದನ್ನು ಓದಿದಾಗ ಆ ತಟ್ಟೆಯನ್ನು ನಿನ್ನ ಮುಂದಿನಿಂದ ಕಿತ್ತುಕೊಂಡು ಉಣ್ಣಬೇಕು ಅನ್ನಿಸಿತು.

ಪೈಪಿನಲ್ಲಿ ಬದುಕುವುದಿಲ್ಲ ಎಂದು ನಿನ್ನ ಮುಂದೆ ಹಟ ಹಿಡಿದಿದ್ದೆ. ಆ ಹಟ ಬಿಟ್ಟಿದ್ದೇನೆ. ಒಪ್ಪಂದವನ್ನೂ ಬಿಟ್ಟಿದ್ದೇನೆ. ಇನ್ನು ನೀನು ಬರೆದರೂ ಬರೆಯದಿದ್ದರೂ, ನೀನು ಉಂಡರೂ ಉಣ್ಣದಿದ್ದರೂ ನಾನು ಹಾಕಿಸಿಕೊಳ್ಳುತ್ತೇನೆ. ನೀನು ನಿನ್ನ ಹೊಟ್ಟೆಗೆ ಉಣ್ಣು.

ದಾರಿಯಲ್ಲಿ ಜೋಪಾನ. ಆ ಮಾಪಿನವನಿಗೆ ನನ್ನ ನಮಸ್ಕಾರ ಹೇಳು. ಮೂಲೆ ಬೇಕಿದ್ದರೆ ಅವನೇ ತಗೊಳ್ಳಲಿ.

ಡಾಕ್ಟರ ಲೆಕ್ಕದಲ್ಲಿ ಮುಂದಿನ ಆಹಾರ ಸಂಜೆ ನಾಲ್ಕಕ್ಕೆ. ಹಾಕುವವನು ನಿನ್ನ ಗಂಡ.

ಅತ್ತೆ